ನಮ್ಮ ಬಡಾವಣೆಯ ನಳದ ನೀರು: ಮಾದರಿ ಸಂಗ್ರಹ ಹಾಗೂ ಸಾಮೂಹಿಕ ಮನವಿ ಕುರಿತು

ನಿವಾಸಿಗಳ ಸಂಘದ ಕಾರ್ಯದರ್ಶಿ:
ಮಾನ್ಯರೇ, ನೀರು ಬಿಟ್ಟ ಮೊದಲ ಕೆಲವು ನಿಮಿಷ ಚರಂಡಿ ವಾಸನೆಯ ಕಲಕು ನೀರು ಬರುತ್ತಿದೆಯೆಂದು ನಾಲ್ಕು ಮತ್ತು ಐದನೇ ಅಡ್ಡರಸ್ತೆಯವರು ದೂರಿದ್ದಾರೆ. ಮುಖ್ಯರಸ್ತೆಯ ಮನೆಗಳಲ್ಲಿ ಈ ದೂರಿಲ್ಲ. ತುಂಗಭದ್ರಾ ಕಾಲುವೆಯಿಂದ ನಮ್ಮ ಬಳ್ಳಾರಿಯ ಅಲ್ಲೀಪುರದ ಕೆರೆ ಸೇರಿ, ಶುದ್ಧೀಕರಣಗೊಂಡು ಬರುವ ನೀರೇ ಎರಡೂ ಕಡೆ ಹರಿಯುವುದರಿಂದ, ದೋಷವು ನಮ್ಮ ಬೀದಿಯ ಪೈಪಿನಲ್ಲೇ ಇರುವ ಸಂಭವ ಹೆಚ್ಚು. 2022ರಲ್ಲಿ ನೆರೆಯ ರಾಯಚೂರು ನಗರದಲ್ಲಿ ಕಲುಷಿತ ನೀರು ಕುಡಿದು ಜನರು ಪ್ರಾಣ ಕಳೆದುಕೊಂಡದ್ದನ್ನು ನಾವ್ಯಾರೂ ಮರೆತಿಲ್ಲ. ಆದ್ದರಿಂದ ಬಿಡಿಬಿಡಿ ದೂರುಗಳ ಬದಲು ಪರೀಕ್ಷಾ ವರದಿ ಸಹಿತ ಒಂದೇ ಮನವಿ ಸಲ್ಲಿಸೋಣ.

ಐದನೇ ಅಡ್ಡರಸ್ತೆಯ ಗೃಹಿಣಿ:
ಸರ್, ನಮ್ಮ ಮನೆಯ ಮೀಟರಿನಲ್ಲಿ ಟಿಡಿಎಸ್ 300ರ ಒಳಗೇ ಇದೆ. 500ರವರೆಗೆ ಚಿಂತೆಯಿಲ್ಲವೆಂದು ಫಿಲ್ಟರ್ ರಿಪೇರಿಯವರು ಹೇಳಿದರು. ಹಾಗಾದರೆ ನೀರು ಒಳ್ಳೆಯದೆಂದೇ ಅರ್ಥವಲ್ಲವೇ?

ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರು, ಎರಡನೇ ಅಡ್ಡರಸ್ತೆ:
ಅಲ್ಲ ತಾಯಿ. ಆ ಮೀಟರು ಅಳೆಯುವುದು ಕರಗಿರುವ ಲವಣಗಳನ್ನು ಮಾತ್ರ. ರೋಗಾಣು ಅದಕ್ಕೆ ಕಾಣುವುದಿಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ 100 ಮಿಲಿಲೀಟರ್ ಮಾದರಿಯಲ್ಲಿ ಮಲದಿಂದ ಸೇರುವ ಇ-ಕೋಲಿ ಬ್ಯಾಕ್ಟೀರಿಯಾ ಒಂದೂ ಇರಬಾರದು, ಉಳಿಕೆ ಕ್ಲೋರಿನ್, ಅಂದರೆ ರೋಗಾಣು ಕೊಲ್ಲಲು ಹಾಕಿದ ಕ್ಲೋರಿನ್‌ನಲ್ಲಿ ನಳದವರೆಗೆ ಉಳಿದು ಬರುವ ಭಾಗ, ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಇರಬೇಕು. ಮುಖ್ಯರಸ್ತೆಯಲ್ಲಿರುವ ಕ್ಲೋರಿನ್ ನಿಮ್ಮ ರಸ್ತೆಯ ಕೊನೆಯ ನಳದಲ್ಲಿ ಇಲ್ಲವಾಗಿದ್ದರೆ, ನಡುವೆ ಕೊಳೆ ಸೇರಿ ಅದನ್ನು ತಿಂದುಹಾಕಿರಬಹುದೆಂಬ ಬಲವಾದ ಸುಳಿವು ಸಿಕ್ಕಂತೆ. ಸದ್ಯಕ್ಕೆ ನೀರನ್ನು ಚೆನ್ನಾಗಿ ಕುದಿಸಿ ಕುಡಿಯಿರಿ. ಕುದಿಸಿದರೆ ರೋಗಾಣು ಸಾಯುತ್ತವೆ. ಕೊಳವೆಬಾವಿ ನೀರಿನ ಫ್ಲೋರೈಡ್ ಮಾತ್ರ ಹೋಗುವುದಿಲ್ಲ, ಆವಿಯಾದಷ್ಟೂ ಸಾಂದ್ರವಾಗುತ್ತದೆ. ಕೊಳವೆಬಾವಿ ನೀರು ಕುಡಿಯುವವರು ಅದನ್ನು ಪ್ರತ್ಯೇಕವಾಗಿ ಪರೀಕ್ಷಿಸಿಕೊಳ್ಳಬೇಕು.

ನಾಲ್ಕನೇ ಅಡ್ಡರಸ್ತೆ, ಸಿವಿಲ್ ಕೆಲಸದ ಗುತ್ತಿಗೆದಾರರು:
ನಮ್ಮ ರಸ್ತೆಯ ಮನೆ ಸಂಪರ್ಕದ ಪೈಪುಗಳಲ್ಲಿ ಹಲವು ಚರಂಡಿಯೊಳಗಿಂದಲೇ ದಾಟಿವೆ. ನೀರು ನಿಂತ ದಿನಗಳಲ್ಲಿ ಪೈಪು ಖಾಲಿಯಿರುವುದರಿಂದ ತೂತು ಬಿದ್ದ ಕಡೆ ಕೊಳಚೆ ಒಳಗಿಳಿಯುತ್ತದೆ, ಮತ್ತೆ ನೀರು ಬಿಟ್ಟಾಗ ಮೊದಲು ಮನೆಗೆ ಬರುವುದು ಅದೇ. ಇದರ ಮೇಲೆ ನಳಕ್ಕೇ ಮೋಟಾರು ಹಚ್ಚಿ ಎಳೆಯುವವರಿದ್ದಾರೆ. ಅವರು ತಮ್ಮ ಪಾಲಿಗಿಂತ ಹೆಚ್ಚು ನೀರನ್ನಷ್ಟೇ ಅಲ್ಲ, ಅಕ್ಕಪಕ್ಕದ ಚರಂಡಿಯನ್ನೂ ಪೈಪಿಗೆ ಎಳೆಯುತ್ತಿದ್ದಾರೆ.

ನಾಲ್ಕನೇ ಅಡ್ಡರಸ್ತೆಯ ಇನ್ನೊಬ್ಬ ನಿವಾಸಿ:
ಅಣ್ಣಾವ್ರೇ, ಒತ್ತಡವೇ ಇಲ್ಲದಿದ್ದರೆ ಮೋಟಾರು ಹಚ್ಚದೆ ಏನು ಮಾಡಬೇಕು? ನೀರು ನೆಲಮಟ್ಟದ ಸಂಪಿನವರೆಗೂ ಬರುವುದಿಲ್ಲ.

ಕಾರ್ಯದರ್ಶಿ:
ತಮ್ಮ ಕಷ್ಟ ನಿಜ. ಒತ್ತಡದ ವಿಷಯವನ್ನೂ ಮನವಿಯಲ್ಲಿ ಸೇರಿಸುತ್ತೇನೆ. ಆದರೆ ದುರಸ್ತಿಯಾಗುವವರೆಗಾದರೂ ನಳಕ್ಕೆ ನೇರವಾಗಿ ಮೋಟಾರು ಹಚ್ಚಬಾರದೆಂದು ಎಲ್ಲರಲ್ಲಿ ವಿನಂತಿಸುತ್ತೇನೆ. ಮುಂದಿನ ಸಲ ನೀರು ಬಿಟ್ಟಾಗ ಮುಖ್ಯರಸ್ತೆಯ ಒಂದು ಮನೆ ಹಾಗೂ ದೂರು ಬಂದ ಎರಡೂ ರಸ್ತೆಗಳ ಕೊನೆಯ ಮನೆಗಳಿಂದ ಮಾದರಿ ತೆಗೆಯೋಣ.

ನಿವೃತ್ತ ಉಪನ್ಯಾಸಕರು:
ಸಂಪಿನಿಂದಾಗಲಿ ಟ್ಯಾಂಕಿನಿಂದಾಗಲಿ ತೆಗೆಯಬೇಡಿ, ನೇರ ನಳದಿಂದಲೇ ಹಿಡಿಯಿರಿ. ಇಲ್ಲವಾದರೆ ನಿಮ್ಮ ಟ್ಯಾಂಕು ತೊಳೆದಿಲ್ಲವೆಂದು ಉತ್ತರ ಬರುತ್ತದೆ. ರೋಗಾಣು ಪರೀಕ್ಷೆಗೆ ಪ್ರಯೋಗಾಲಯದವರು ಕೊಡುವ ಬಾಟಲಿಯನ್ನು ತೊಳೆಯಕೂಡದು, ಅದರಲ್ಲಿ ಕ್ಲೋರಿನ್ ಪರಿಣಾಮವನ್ನು ತಡೆಯುವ ರಾಸಾಯನಿಕ ಇರುತ್ತದೆ. ತುಂಬಿದ ಬಾಟಲಿಗಳನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಅಂದೇ ತಲುಪಿಸಬೇಕು. ಕ್ಲೋರಿನ್ ನೋಡುವ ಕಿಟ್ ನನ್ನಲ್ಲಿದೆ, ಅದನ್ನು ನಳದ ಬುಡದಲ್ಲೇ ನಿಂತು ನೋಡೋಣ.

ಗುತ್ತಿಗೆದಾರರು:
ಪೈಪು ಚರಂಡಿ ದಾಟುವ ಜಾಗಗಳ ಫೋಟೋಗಳನ್ನು ಮನೆಸಂಖ್ಯೆ ಸಹಿತ ನಾಳೆ ಇಲ್ಲಿಯೇ ಹಾಕುತ್ತೇನೆ. ಅವನ್ನೂ ಮನವಿಗೆ ಲಗತ್ತಿಸಿ.