ಲಾಹೋರಿನ ವಜೀರ್ ಖಾನ್ ಮಸೀದಿಗೆ ಕೆಂಪು ಕಲ್ಲು ಯಾಕೆ ಬಳಸಲಿಲ್ಲ?

ಪ್ರಶ್ನೆ:
ದೆಹಲಿಯ ಜಾಮಾ ಮಸೀದಿ, ಲಾಹೋರಿನ ವಜೀರ್ ಖಾನ್ ಮಸೀದಿ ಎರಡೂ ಶಹಜಹಾನ್ ಕಾಲದವು. ಆದರೆ ಫೋಟೊಗಳನ್ನು ಪಕ್ಕಪಕ್ಕ ಇಟ್ಟರೆ ಒಂದಕ್ಕೊಂದು ಸಂಬಂಧವೇ ಇಲ್ಲ ಅನಿಸುತ್ತದೆ. ಅಲ್ಲಿ ಕೆಂಪು ಕಲ್ಲು, ಅಮೃತಶಿಲೆ. ಇಲ್ಲಿ ಗೋಡೆ ತುಂಬಾ ಹಳದಿ, ನೀಲಿ, ಹಸಿರು ಹೂಬಳ್ಳಿ. ದುಡ್ಡು ಸಾಲಲಿಲ್ವಾ, ಬೇರೆ ಕಾರಣ ಇದೆಯಾ? ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳಿ.

ಉತ್ತರ 1:
ದುಡ್ಡಿಗೇನೂ ಕೊರತೆ ಇರಲಿಲ್ಲ. ಲಾಹೋರ್ ಇರುವುದು ನದಿಗಳು ತಂದು ಹಾಕಿದ ಮಣ್ಣಿನ ಬಯಲಲ್ಲಿ, ಹತ್ತಿರದಲ್ಲಿ ಒಳ್ಳೆ ಕಲ್ಲು ಸಿಗಲ್ಲ, ಹಾಗಾಗಿ ಅಲ್ಲಿ ಮೊದಲಿನಿಂದಲೂ ಇಟ್ಟಿಗೆಯದೇ ಕಾರುಬಾರು. ಜೊತೆಗೆ ಇದನ್ನು ಕಟ್ಟಿಸಿದವನು ಬಾದಶಹನ ಕೈಕೆಳಗಿದ್ದ ಸುಬೇದಾರ, ಅಂದರೆ ಪ್ರಾಂತ್ಯ ನೋಡಿಕೊಳ್ಳುವ ಅಧಿಕಾರಿ. ಪಂಜಾಬಿನ ಚಿನಿಯೋಟ್ ಊರಿನ ಹಕೀಮ್ ಇಲ್ಮುದ್ದೀನ್ ಅನ್ಸಾರಿ ಅಂತ, ವಜೀರ್ ಖಾನ್ ಅನ್ನುವುದು ಅವನಿಗೆ ಸಿಕ್ಕ ಬಿರುದು. ಕೆಲಸ 1634ರ ಸುಮಾರಿಗೆ ಶುರುವಾಗಿ 1641ರ ಹೊತ್ತಿಗೆ ಮುಗಿಯಿತು. ದೆಹಲಿಯದ್ದು ಆಮೇಲಿನದು, 1650ರಿಂದ 1656.

ನೀವು ಹೇಳಿದ ಆ ಹೂಬಳ್ಳಿಗೆ ಕಾಶಿಕಾರಿ ಅಂತಾರೆ. ಒಂದೊಂದು ಬಣ್ಣದ ಹೊಳಪಿನ ಬಿಲ್ಲೆಯನ್ನು ಬೇರೆ ಬೇರೆಯಾಗಿ ಸುಟ್ಟು, ಎಸಳು, ಎಲೆ, ಬಳ್ಳಿಯ ಆಕಾರಕ್ಕೆ ಕತ್ತರಿಸಿ, ಗಾರೆಯಲ್ಲಿ ಒತ್ತೊತ್ತಾಗಿ ಕೂರಿಸುತ್ತಾರೆ. ಫೋಟೊ ದೊಡ್ಡದು ಮಾಡಿ ನೋಡಿ, ಹಳದಿ ಎಸಳು ಮುಗಿದು ನೀಲಿ ಶುರುವಾಗುವ ಕಡೆ ಸಣ್ಣ ಸಂದು ಕಾಣುತ್ತದೆ. ಇಷ್ಟು ದೊಡ್ಡ ಗೋಡೆಗೆ ಹೀಗೆ ಕೂತು ಜೋಡಿಸಿದ್ದಾರಲ್ಲ, ನನಗಂತೂ ಅಮೃತಶಿಲೆಗಿಂತ ಇದೇ ಜಾಸ್ತಿ ಇಷ್ಟ.

ಉತ್ತರ 2:
ಒಳಗಿನದನ್ನೂ ಸೇರಿಸಿಕೊಳ್ಳಿ. ಪ್ರಾರ್ಥನೆಯ ಹಜಾರದಲ್ಲಿ ಒಂದೇ ಸಾಲಿಗೆ ಐದು ಅಂಕಣ, ಐದು ಗುಮ್ಮಟ, ನಡುವಿನದು ದೊಡ್ಡದು. ಅಲ್ಲಿ ಬಿಲ್ಲೆ ಇಲ್ಲ, ಗಾರೆ ಮೇಲೆ ಬಿಡಿಸಿದ ಚಿತ್ರ. ಮರ, ಹೂದಾನಿ, ಅರಬ್ಬಿ ಬರಹ, ಒಂದು ಗೇಣು ಜಾಗವನ್ನೂ ಖಾಲಿ ಬಿಟ್ಟಿಲ್ಲ. ಹೊರಗೆ ಕೆಲವು ಕಡೆ ಇಟ್ಟಿಗೆ ಅಂತ ಕಾಣುವುದು ಕೂಡ ಗಾರೆ ಮೇಲೆ ಇಟ್ಟಿಗೆಯ ಹಾಗೆ ಬಿಡಿಸಿದ್ದು! ಮಿನಾರುಗಳು ನಾಲ್ಕು, ಅಂಗಳದ ನಾಲ್ಕು ಮೂಲೆಗೆ.

ಪ್ರಶ್ನೆ ಕೇಳಿದವರು:
ತುಂಬಾ ಥ್ಯಾಂಕ್ಸ್. ಅಂಗಳದಲ್ಲಿ ಒಂದು ಸಮಾಧಿ ಕಾಣುತ್ತಲ್ಲ, ಅದು ವಜೀರ್ ಖಾನನದ್ದಾ?

ಉತ್ತರ 3:
ಅಲ್ಲ, ಅದು ಸೂಫಿ ಸಂತ ಮೀರಾನ್ ಬಾದಶಹರದ್ದು. ಮಸೀದಿಗಿಂತ ಎಷ್ಟೋ ಹಳೆಯದು. ಅದನ್ನು ಒಳಗಿಟ್ಟುಕೊಂಡೇ ಸುತ್ತ ಮಸೀದಿ ಕಟ್ಟಿದರು. ಬಾಗಿಲ ಹತ್ತಿರದ ಅಂಗಡಿ ಸಾಲನ್ನೂ ಗಮನಿಸಿ, ಅದು ಆಮೇಲೆ ಬಂದು ಸೇರಿಕೊಂಡದ್ದಲ್ಲ, ಮೂಲ ನಕ್ಷೆಯಲ್ಲೇ ಇತ್ತು. ಪುಸ್ತಕಕ್ಕೆ ರಟ್ಟು ಕಟ್ಟುವವರು, ಅಂದವಾಗಿ ಅಕ್ಷರ ಬರೆಯುವವರು ಅಲ್ಲಿ ಕೂರುತ್ತಿದ್ದರು. ಅಂಗಡಿಗಳ ಬಾಡಿಗೆ, ಹತ್ತಿರದಲ್ಲೇ ವಜೀರ್ ಖಾನ್ ಕಟ್ಟಿಸಿದ ಶಾಹಿ ಹಮಾಮ್ ಅನ್ನುವ ಸ್ನಾನಗೃಹದ ಆದಾಯ, ಎರಡನ್ನೂ ಅವನು ಮಸೀದಿಯ ಖರ್ಚಿಗೆ ಅಂತ ಬಿಟ್ಟಿದ್ದ.