ಸಿಗರೇಟು ಬಿಟ್ಟು 8 ವರ್ಷ: ಸ್ತನ ಕ್ಯಾನ್ಸರ್ ಲೆಕ್ಕಕ್ಕೆ ಹಳೇದೂ ಬರುತ್ತಾ?

ಹೊಂಗೆಮರ (ಪ್ರಶ್ನೆ): ವಯಸ್ಸು 44, ಮುಟ್ಟು ನಿಂತಿಲ್ಲ. 19ರಿಂದ 36ರವರೆಗೆ ದಿನಕ್ಕೆ 8 ಸಿಗರೇಟು, ಆಮೇಲೆ ಪೂರ್ತಿ ಬಂದ್. ಚೊಚ್ಚಲ ಹೆರಿಗೆ 37ಕ್ಕೆ. ಈಚೆಗೆ ತೂಕ 9 ಕೆಜಿ ಏರಿದೆ. ಚೆಕಪ್ ಫಾರ್ಮಿನಲ್ಲಿ ‘ಪ್ಯಾಕ್-ಇಯರ್’ ಕೇಳಿದ್ದಾರೆ, ಎಷ್ಟು ಬರೀಬೇಕು?

ಲೆಕ್ಕದಮೇಷ್ಟ್ರು: ಇಲ್ಲೇ ಎಲ್ಲರೂ ಎಡವೋದು. ಪ್ಯಾಕ್ ಅಂದರೆ 20 ಸಿಗರೇಟು. ನಮ್ಮ ಅಂಗಡೀಲಿ ಸಿಗೋ 10ರ ಪ್ಯಾಕೆಟ್ ಹಿಡಿದರೆ ಉತ್ತರ ಎರಡರಷ್ಟಾಗುತ್ತೆ. 8 ಭಾಗಿಸು 20, ಗುಣಿಸು 17 ವರ್ಷ: 6.8. ಜೊತೆಗೆ ಶುರು ಮಾಡಿದ ವಯಸ್ಸು, ಬಿಟ್ಟ ವರ್ಷ ಎರಡನ್ನೂ ಬರೀರಿ. ಫಾರ್ಮು ಕೇಳದಿದ್ದರೂ ಎದೆಯ ವಿಷಯಕ್ಕೆ ಅದೇ ಮುಖ್ಯ.

ಸೂಕ್ಷ್ಮದರ್ಶಕ: ಯಾಕೆ ಮುಖ್ಯ ಅಂದರೆ, ಎದೆಯ ಹಾಲಿನ ಗ್ರಂಥಿಗಳು ಪೂರ್ತಿ ಬಲಿಯೋದು ಮೊದಲ ಬಸಿರಿನಲ್ಲಿ. ಅದಕ್ಕೂ ಮುಂಚಿನ ಎಳೆ ಜೀವಕೋಶಗಳಿಗೆ ಹೊಗೆಯ ವಿಷ ಹೆಚ್ಚು ತಾಗುತ್ತೆ. ಕೊಬ್ಬಿನಲ್ಲಿ ಕರಗೋ ಆ ರಾಸಾಯನಿಕಗಳು ಡಿಎನ್‌ಎಗೆ ಅಂಟಿಕೊಳ್ಳುತ್ತವೆ. ನಿಮ್ಮ 17 ವರ್ಷವೂ ಚೊಚ್ಚಲ ಹೆರಿಗೆಗೆ ಮುಂಚಿನದೇ. ತಡವಾದ ಮೊದಲ ಹೆರಿಗೆ ಬೇರೆಯೇ ಒಂದು ಅಪಾಯ, ಅದನ್ನು ಸಿಗರೇಟಿನ ತಲೆಗೆ ಕಟ್ಟಬೇಡಿ.

ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅನ್ನೋ ಅಧ್ಯಯನ 2011ರಲ್ಲಿ 50-79ರ ವಯಸ್ಸಿನ ಹೆಂಗಸರ ಸ್ತನ ಕ್ಯಾನ್ಸರ್ ಅಪಾಯದ ಲೆಕ್ಕ ಕೊಟ್ಟಿತ್ತು: ಎಂದೂ ಸೇದದವರಿಗಿಂತ ಬಿಟ್ಟವರಿಗೆ ಶೇ. 9, ಸೇದುತ್ತಿರುವವರಿಗೆ ಶೇ. 16 ಹೆಚ್ಚು. ಬಿಟ್ಟ ಮೇಲೂ 20 ವರ್ಷದವರೆಗೆ ಅದರ ನೆರಳು ಇತ್ತು. ಶೇ. 9 ಅಂದರೆ ನೂರರಲ್ಲಿ ಒಂಬತ್ತು ಜನಕ್ಕೆ ಬರುತ್ತೆ ಅಂತಲ್ಲ. ಸೇದದ ನೂರು ಜನರಲ್ಲಿ 3 ಜನಕ್ಕೆ ಬರೋದಾದರೆ, ಇವರಲ್ಲಿ 3.27.

ಹೊಂಗೆಮರ: ಹಾಗಾದರೆ ತೂಕ?

ಕಾಮನಬಿಲ್ಲು: ಬಿಟ್ಟವರಿಗೆ ಮೊದಲ ವರ್ಷ 4-5 ಕೆಜಿ ಏರೋದು ಮಾಮೂಲು. ಮುಟ್ಟು ನಿಂತ ಮೇಲೆ, ಸ್ತನ ಕ್ಯಾನ್ಸರಿಗೆ ಇಂಬು ಕೊಡೋ ಈಸ್ಟ್ರೋಜನ್ ಹಾರ್ಮೋನು ತಯಾರಾಗೋ ಮುಖ್ಯ ಜಾಗ ಕೊಬ್ಬೇ, ಆಗ ಈ 9 ಕೆಜಿ ತೊಂದರೆ ಕೊಡುತ್ತೆ. ಇಳಿಸೋ ಕಾಲ ಈಗ. ತೂಕಕ್ಕೆ ಹೆದರಿ ಮತ್ತೆ ಸಿಗರೇಟು ಹಚ್ಚೋದು ಮಾತ್ರ ಶುದ್ಧ ದಡ್ಡತನ.

ಸಿಗರೇಟಿನ ಜೊತೆ ಮದ್ಯ ಇತ್ತಾ, ಈಗಲೂ ಇದೆಯಾ? ದಿನಕ್ಕೆ 10 ಗ್ರಾಂ ಆಲ್ಕೋಹಾಲಿಗೆ ಅಪಾಯ ಸುಮಾರು ಶೇ. 7-10 ಏರುತ್ತೆ. 30 ಎಂಎಲ್ ವಿಸ್ಕಿಯಲ್ಲೇ 10 ಗ್ರಾಂ, 650 ಎಂಎಲ್ ಬಿಯರ್ ಬಾಟಲಿಯಲ್ಲಿ 25. ಮನೆತನದ ಇತಿಹಾಸ ಹೇಳುವಾಗ ಅಪ್ಪನ ಕಡೆಯವರನ್ನೂ ಸೇರಿಸಿ. ಸ್ತನ ಕ್ಯಾನ್ಸರ್ ಅಪಾಯ ಏರಿಸೋ ಬಿಆರ್‌ಸಿಎ ಜೀನಿನ ದೋಷ ಅತ್ತಲಿಂದಲೂ ಬರುತ್ತೆ.

ಸೂಕ್ಷ್ಮದರ್ಶಕ: ಮ್ಯಾಮೊಗ್ರಾಮ್ (ಎದೆಯ ಎಕ್ಸ್-ರೇ) ಎರಡು ವರ್ಷಕ್ಕೊಮ್ಮೆ ಸಾಕು, ಮನೆತನದಲ್ಲಿ ಈ ಕ್ಯಾನ್ಸರ್ ಇದ್ದರೆ ವೈದ್ಯರು ಇನ್ನೂ ಬೇಗ ಮಾಡಿಸೋಕೆ ಹೇಳಬಹುದು. ಮುಟ್ಟು ಶುರುವಾದ 7-10ನೇ ದಿನ ಹೋದರೆ ನೋವು ಕಡಿಮೆ. ಆ ದಿನ ಕಂಕುಳಿಗೆ ಪೌಡರು, ಡಿಯೋಡರೆಂಟ್ ಹಾಕಬೇಡಿ, ಕಣಗಳು ಫಿಲ್ಮಿನಲ್ಲಿ ಸುಣ್ಣದ ಚುಕ್ಕಿಯ ಹಾಗೆ ಕಾಣುತ್ತವೆ. ಹಳೇ ಫಿಲ್ಮು ಇದ್ದರೆ ಒಯ್ಯಿರಿ.

ಸೇದುವವರಲ್ಲಿ ತೊಟ್ಟಿನ ಬುಡದಲ್ಲಿ ನೋವಿನ ಗಂಟು, ಕೀವು ಆಗೋದುಂಟು. ಅದು ಹೆಚ್ಚಾಗಿ ಸೋಂಕು. ಆ್ಯಂಟಿಬಯಾಟಿಕ್ ಮುಗಿದ ಮೇಲೂ ಗಂಟು ಕರಗದಿದ್ದರೆ ಇನ್ನೊಂದು ಕೋರ್ಸ್ ಅಂತ ಕಾಯಬೇಡಿ, ಸ್ಕ್ಯಾನ್ ಮಾಡಿಸಿ, ಬೇಕಾದರೆ ಬಯಾಪ್ಸಿಯೂ ಆಗಲಿ.