ಮೂಗಿನ ತೂತಿಗೆ ಯಾವ ಫಾರ್ಮ್?

ಡಿಪ್ಲೊಮಾ ಕೆಮಿಕಲ್, 1998ರ ಬ್ಯಾಚ್ ಗುಂಪು. ಶನಿವಾರ ರಾತ್ರಿ.

ಸುರೇಶ (ಸ್ಯಾನ್ ಹೊಸೆ): ಈ ವಿಡಿಯೊ ನೋಡಿ. "ಕೆಲಸದ ಜಾಗದಲ್ಲಿ ಬೆಂಜೀನ್ ಉಸಿರಾಡಿದ್ದೀರಾ? ಪರಿಹಾರ ಸಿಗಬಹುದು. ಗೆದ್ದರೆ ಮಾತ್ರ ಫೀಸು." ಇಲ್ಲಿ ಇಂಥವು ಎಷ್ಟೋ ಬರುತ್ತವೆ. ನಮ್ಮ ಕಡೆ ಯಾರೂ ಬಾಯಿ ಬಿಡುವುದಿಲ್ಲ, ಯಾಕೆ?

ಮಲ್ಲಿಕಾರ್ಜುನ: ಶುರುವಾಯಿತು ಅಮೆರಿಕ ಪುರಾಣ 🙏

ಗೀತಾ: ಸುರೇಶ, ಇಲ್ಲಿ ವಕೀಲರು ಹಾಗೆ ಜಾಹೀರಾತು ಹಾಕುವಂತಿಲ್ಲ. ಗೆದ್ದ ದುಡ್ಡಿನಲ್ಲಿ ಪಾಲು ಕೇಳುವಂತೆಯೂ ಇಲ್ಲ. ಬಾರ್ ಕೌನ್ಸಿಲ್ ನಿಯಮ ಅದು. ನಿಮ್ಮಲ್ಲೂ ಸಾಮಾನ್ಯವಾಗಿ ಸ್ವಂತ ಮಾಲೀಕನ ಮೇಲೆ ಕೇಸ್ ಹಾಕಲು ಆಗುವುದಿಲ್ಲ, ವರ್ಕರ್ಸ್ ಕಾಂಪ್ ಅನ್ನುವ ಕೆಲಸಗಾರರ ಪರಿಹಾರ ವಿಮೆ ಅಡ್ಡ ಬರುತ್ತದೆ. ಆ ವಕೀಲರು ಹಿಡಿಯುವುದು ಕೆಮಿಕಲ್ ಮಾಡಿ ಮಾರಿದ ಕಂಪನಿಯನ್ನು.

ಮಲ್ಲಿಕಾರ್ಜುನ: ಕೇಳಿಸಿತಾ? ನಾನು 14 ಜನರನ್ನು ಇಟ್ಟುಕೊಂಡು ಲೋಹಕ್ಕೆ ನಿಕ್ಕಲ್, ಕ್ರೋಮ್ ಲೇಪನ (ಪ್ಲೇಟಿಂಗ್) ಮಾಡುತ್ತಿದ್ದೇನೆ. ಗ್ಲೌಸ್ ಕೊಟ್ಟರೆ ಮೂಲೆಗೆ ಎಸೆಯುತ್ತಾರೆ. ಮಾಸ್ಕ್ ಗಲ್ಲದ ಕೆಳಗೆ. ಆಮೇಲೆ ಏನಾದರೂ ಆದರೆ ಮಾಲೀಕ ಕಳ್ಳ.

ನಾಗರಾಜ: ಮಲ್ಲಿ, ನನ್ನ ತಮ್ಮ 11 ವರ್ಷ ಕ್ರೋಮ್ ಟ್ಯಾಂಕಿನ ಮುಂದೆ ನಿಂತ. ನಿನ್ನಲ್ಲಿ ಅಲ್ಲ, ಪೀಣ್ಯದಲ್ಲೇ ಇನ್ನೊಂದು ಕಡೆ. ಈಗ ಮೂಗಿನ ನಡುಗೋಡೆ ತೂತಾಗಿದೆ. ಒಂದು ಹೊಳ್ಳೆಗೆ ಟಾರ್ಚ್ ಬಿಟ್ಟರೆ ಇನ್ನೊಂದರಲ್ಲಿ ಬೆಳಕು ಕಾಣುತ್ತದೆ. ಉಸಿರಾಡಿದರೆ ಸೀಟಿ ಹೊಡೆದ ಹಾಗೆ ಸದ್ದು. ಮಗಳು ಮೊದಲೆಲ್ಲ ಅದಕ್ಕೆ ನಗುತ್ತಿದ್ದಳು.

ಸುರೇಶ: ಅಯ್ಯೋ. ನೀನು ಹೇಳಲೇ ಇಲ್ಲವಲ್ಲೋ.

ನಾಗರಾಜ: ಹೇಳಿ ಏನು ಮಾಡಲಿ.

ವೆಂಕಿ: ಗ್ಲೌಸಿಗೂ ಮೂಗಿಗೂ ಏನು ಸಂಬಂಧ ಮಲ್ಲಿ? ನಾವೇ ಓದಿದ್ದಲ್ವಾ. ಕರೆಂಟ್ ಹರಿಸಿದಾಗ ಟ್ಯಾಂಕಿನಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ಒಡೆದಾಗ ಕ್ರೋಮಿಕ್ ಆಸಿಡ್ ಮಂಜಿನ ಹಾಗೆ ಗಾಳಿಗೆ ಹೋಗುತ್ತದೆ. ಅದೇ ಕ್ರೋಮಿಯಂ ಶ್ವಾಸಕೋಶದ ಕ್ಯಾನ್ಸರ್ ಕೂಡ ತರುತ್ತದೆ. ಅದನ್ನು ಎಳೆದುಕೊಳ್ಳಬೇಕಾದದ್ದು ಟ್ಯಾಂಕಿನ ಅಂಚಿನ ಎಕ್ಸಾಸ್ಟ್. ಐದು ರೂಪಾಯಿ ಮಾಸ್ಕ್ ಅಲ್ಲ.

ಸುರೇಶ: ಮಾಲೀಕನ ಮೇಲೆ ಕೇಸ್ ಹಾಕು ನಾಗ. ಖರ್ಚು ನಾವೆಲ್ಲ ಸೇರಿ ಹಾಕೋಣ.

ಗೀತಾ: ಸ್ವಲ್ಪ ತಡಿ. ನಾಗ, ತಮ್ಮನಿಗೆ ಇಎಸ್‌ಐ, ಅಂದರೆ ಕಾರ್ಮಿಕರ ಸರ್ಕಾರಿ ವಿಮೆ, ಇತ್ತಾ? ಎಲ್ಲ ನಿಂತಿರುವುದು ಅದರ ಮೇಲೆ. 20 ವರ್ಷದಿಂದ ಪಿಎಫ್-ಇಎಸ್‌ಐ ಫೈಲು ಹೊರುತ್ತಿದ್ದೇನೆ, ಜನ ಎಡವುವುದು ಇಲ್ಲೇ. ಇಎಸ್‌ಐ ಇದ್ದರೆ ಅದೇ ಕಾಯಿಲೆಗೆ ಮಾಲೀಕನಿಂದ ಬೇರೆ ಪರಿಹಾರ ಕೇಳುವಂತಿಲ್ಲ. 1948ರ ಇಎಸ್‌ಐ ಕಾಯ್ದೆಯ 53ನೇ ಸೆಕ್ಷನ್. ಇಲ್ಲದಿದ್ದರೆ ಮಾತ್ರ 1923ರ ಪರಿಹಾರ ಕಾಯ್ದೆ, ಕಮಿಷನರ್ ಮುಂದೆ ಅರ್ಜಿ, ಅದೂ ಎರಡು ವರ್ಷದೊಳಗೆ. ತಡವಾದರೆ ಕಾರಣ ಹೇಳಿ ಬೇಡಿಕೊಳ್ಳಬೇಕು.
2025ರ ನವೆಂಬರ್ 21ರಿಂದ ಇವೆರಡರ ಜಾಗಕ್ಕೆ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಕೆಲಸದಿಂದ ಬರುವ ಕಾಯಿಲೆಗಳ ಪಟ್ಟಿ ಅದರಲ್ಲೂ ಮೂರನೇ ಷೆಡ್ಯೂಲೇ. ಕ್ರೋಮಿಯಂ ಆ ಪಟ್ಟಿಯಲ್ಲಿದೆ, ಅದು ದೊಡ್ಡ ವಿಷಯ. ಆರು ತಿಂಗಳು ಸತತವಾಗಿ ಆ ಕೆಲಸ ಮಾಡಿದ್ದರೆ ಕಾಯಿಲೆ ಅಲ್ಲಿಂದಲೇ ಬಂತು ಅಂತ ಕಾನೂನೇ ಹಿಡಿಯುತ್ತದೆ. ಅಲ್ಲ ಅನ್ನುವವರು ಅದನ್ನು ತೋರಿಸಬೇಕು.

ಸುರೇಶ: ಅಂದರೆ ಇಎಸ್‌ಐ ಇದ್ದರೆ ಮಾಲೀಕ ಬಚಾವ್? ಇದೆಂಥ ನ್ಯಾಯ?

ಮಲ್ಲಿಕಾರ್ಜುನ: ಬಚಾವ್ ಅಂತೆ. ತಿಂಗಳಾ ಸಂಬಳದ ಮೇಲೆ 3.25% ಕಟ್ಟುತ್ತೇನೆ, ಸುಮ್ನೆನಾ? ವಿಮೆ ಅಂದರೆ ಅದೇ ಅಲ್ವಾ. ಅಷ್ಟಕ್ಕೂ ಕೆಲಸದ ಜಾಗದ ಸುರಕ್ಷತೆಯ ಹೊಸ ಕೋಡ್ ಪ್ರಕಾರ ಕರೆಂಟ್ ಇದ್ದರೂ 20 ಜನ ಇದ್ದರೆ ಮಾತ್ರ ಫ್ಯಾಕ್ಟರಿ. ನನ್ನದು ಫ್ಯಾಕ್ಟರಿಯೇ ಅಲ್ಲ.

ಗೀತಾ: ಇಎಸ್‌ಐಗೆ 10 ಜನ ಸಾಕು ಮಾರಾಯ. ನಿನ್ನಲ್ಲಿ 14 ಅಂತ ನೀನೇ ಮೇಲೆ ಬರೆದಿದ್ದೀಯ 😄 ಸುರೇಶ, ನಿನ್ನ ಸಿಟ್ಟು ಸರಿಯೇ. ಆದರೆ ಇದರಲ್ಲಿ ಮಾಲೀಕನ ತಪ್ಪನ್ನು ಸಾಬೀತು ಮಾಡಬೇಕಿಲ್ಲ. ಮೆಡಿಕಲ್ ಬೋರ್ಡ್ ದುಡಿಮೆ ಎಷ್ಟು ಕುಗ್ಗಿದೆ ಅಂತ ಲೆಕ್ಕ ಹಾಕುತ್ತದೆ, ಶಾಶ್ವತ ಅಂದರೆ ಜೀವನ ಪೂರ್ತಿ ತಿಂಗಳಾ ಹಣ. ಕೊಡುವುದಿಲ್ಲ ಅಂದರೆ ಇಎಸ್‌ಐ ಕೋರ್ಟ್ ಇದೆ.

ವೆಂಕಿ: ಮಾಲೀಕನನ್ನು ಎಳೆದಾಡಲು ಹೋದರೆ ಏನಾಗುತ್ತದೆ ಅನ್ನುವುದಕ್ಕೆ ಕೊಡೈಕನಾಲ್ ಇದೆ. ಪಾದರಸದ ಥರ್ಮಾಮೀಟರ್ ಕಾರ್ಖಾನೆ, 2001ರಲ್ಲಿ ಮುಚ್ಚಿತು. ಕೆಲಸಗಾರರು 2006ರಲ್ಲಿ ಮದ್ರಾಸ್ ಹೈಕೋರ್ಟಿಗೆ ಹೋದರು. 591 ಜನರ ಜೊತೆ ಕಂಪನಿ ರಾಜಿ ಆದದ್ದು 2016ರಲ್ಲಿ. ಅದೂ ಮಾನವೀಯತೆಯಿಂದ ಅಂತ, ತಪ್ಪು ಒಪ್ಪಿಕೊಂಡು ಅಲ್ಲ.

ಸುರೇಶ: ಆದರೂ ದುಡ್ಡು ಕೊಟ್ಟರಲ್ಲ. ಗದ್ದಲ ಮಾಡಿದ್ದಕ್ಕೇ ಕೊಟ್ಟಿದ್ದು.

ವೆಂಕಿ: 591 ಜನ ಒಟ್ಟಿಗೆ ನಿಂತಿದ್ದರು ಕಣೋ. ಇಲ್ಲಿ ಒಬ್ಬ.

ಗೀತಾ: ಇನ್ನೊಂದು. ಕ್ರೋಮ್ ಹುಣ್ಣು ಹಳೇ ಕಾರ್ಖಾನೆ ಕಾಯ್ದೆಯಲ್ಲೂ ತಿಳಿಸಲೇಬೇಕಾದ ಕಾಯಿಲೆ. ನೋಡಿದ ಡಾಕ್ಟರ್ ಮುಖ್ಯ ಇನ್‌ಸ್ಪೆಕ್ಟರಿಗೆ ಬರೆಯಬೇಕಿತ್ತು, ಮ್ಯಾನೇಜರ್ ಕೂಡ. ನಾಗ, ಡಾಕ್ಟರ್ ಚೀಟಿಯಲ್ಲಿ ಏನಿದೆ?

ನಾಗರಾಜ: "ಮೂಗಿನಲ್ಲಿ ರಂಧ್ರ" ಅಂತ ಇದೆ. ಕೆಲಸದ ಬಗ್ಗೆ ಕೇಳಲೇ ಇಲ್ಲ. ಮೂಗಿನಲ್ಲಿ ಬೆರಳು ಹಾಕುವ ಅಭ್ಯಾಸ ಇದೆಯಾ ಅಂತ ಕೇಳಿದರು.

ಗೀತಾ: 😞 ಮತ್ತೆ ಹೋಗಿ 11 ವರ್ಷ ಕ್ರೋಮ್ ಪ್ಲೇಟಿಂಗ್ ಅಂತ ಬರೆಸಿಕೊಂಡು ಬಾ. ಅದಿಲ್ಲದೆ ಬೋರ್ಡಿನ ಮುಂದೆ ಅದು ಬರೀ ತೂತು.

ನಾಗರಾಜ: ಅವನು ಕಂಟ್ರಾಕ್ಟರ್ ಕೆಳಗಿದ್ದ ಗೀತಾ. ಸಂಬಳದಲ್ಲಿ ಇಎಸ್‌ಐ ಅಂತ ಹಿಡಿಯುತ್ತಿದ್ದರು, ಕಾರ್ಡ್ ಕೊಟ್ಟಿಲ್ಲ. ಕೆಲಸ ಬಿಟ್ಟು ಎಂಟು ತಿಂಗಳು.

ಗೀತಾ: ಹಿಡಿದದ್ದು ಸಂಬಳದ ಚೀಟಿಯಲ್ಲಿದೆಯಾ? ಒಂದು ತಿಂಗಳದ್ದಾದರೂ ಸಾಕು. ಅವನ ಹೆಸರಲ್ಲಿ ಐಪಿ ನಂಬರ್ (ಇಎಸ್‌ಐ ವಿಮೆದಾರನ ಸಂಖ್ಯೆ) ಇದೆಯಾ ಅಂತ ಸೋಮವಾರ ನೋಡುತ್ತೇನೆ. ಕಂಟ್ರಾಕ್ಟರ್ ಕಟ್ಟಿಲ್ಲ ಅಂದರೆ ಆ ಯೂನಿಟ್ಟಿನ ಮಾಲೀಕನೇ ಹೊಣೆ.

ಮಲ್ಲಿಕಾರ್ಜುನ: ನಾಗ, ನಾಳೆ ಫೋನ್ ಮಾಡು. ಆ ಕಡೆಯ ಯೂನಿಟ್ಟು ಬಿಟ್ಟು ಬಂದ ಇಬ್ಬರು ನನ್ನಲ್ಲಿದ್ದಾರೆ. ತಮ್ಮನ ಜೊತೆ ಕೆಲಸ ಮಾಡಿದವರಾ ಅಂತ ಕೇಳೋಣ. ಸಾಕ್ಷಿ ಹೇಳುತ್ತಾರೋ ಇಲ್ಲವೋ, ಆಣೆ ಮಾಡಲಾರೆ.

ವೆಂಕಿ: ಮಲ್ಲಿ, ನಿನ್ನ ಕ್ರೋಮ್ ಟ್ಯಾಂಕಿಗೆ ಎಕ್ಸಾಸ್ಟ್ ಇದೆಯಾ?

ಮಲ್ಲಿಕಾರ್ಜುನ: ಈ ಸಂದೇಶವನ್ನು ಅಳಿಸಲಾಗಿದೆ

ಮಲ್ಲಿಕಾರ್ಜುನ: ಇದೆ. ಮೋಟಾರ್ ಸುಟ್ಟು ಮೂರು ತಿಂಗಳಾಯಿತು.